ಡಾಲ್ಡಾ ಹಡಗು

ಬೇತಮಂಗಲದ ಕೆರೆ ಕೋಡಿ ಬಿದ್ದ ಮರುದಿನ
ತಗಡಿನ ಕೆಲಸದ ಪ್ಯಾರೇಜಾನ್ ಸಾಬರು
ಅಂಗಡಿ ಮುಚ್ಚಿ, ಬಾಗಿಲ ಮೇಲೆ ಸುಣ್ಣದಲ್ಲಿ ಬರೆದರು:
ಇಂದು ಸ್ಟೀಮ್‌ಬೋಟ್ ಹಬ್ಬ.
ಟಿಕೆಟ್ಟು, ಒಂದು ಮೇಣದ ತುಂಡು.

ಹಡಗೆಂದರೆ ಅಂಗೈಯಗಲ.
ಹೊಟ್ಟೆಯಲ್ಲಿ ಎರಡು ಕೊಳವೆ, ಪಕ್ಕೆಗೆ
ಡಾಲ್ಡಾ ಡಬ್ಬಿಯ ಅರ್ಧ ತಾಳೆಮರ.

"ನಮ್ಮ ಪಾಲಾರು ಯಾವ ಕಾಲಕ್ಕೆ
ಹಡಗು ಕಂಡಿತ್ತು ಸಾಬರೇ?"
"ಕಂಡಿಲ್ಲವಲ್ಲ, ಅದಕ್ಕೇ"
ಎಂದು ಕಡ್ಡಿ ಗೀರಿದರು.

ಪುಟ್ ಪುಟ್ ಪುಟ್
ಹನ್ನೊಂದು ಹೊರಟವು. ನಾಲ್ಕು ಮುಗುಚಿದವು.
ಒಂದು, ಎಮ್ಮೆಯ ಮೂಗಿಗೆ ಗುದ್ದಿ
ಅಲ್ಲೇ ಲಂಗರು ಹಾಕಿತು.

ನನ್ನದು ಕೋಡಿ ದಾಟಿತು.
ಮೇಣ ಎರಡು ಬೆರಳಿನಷ್ಟಿತ್ತು.
ವಾಣಿಯಂಬಾಡಿ ಎಷ್ಟು ದೂರವೆಂದು
ಆಗ ಗೊತ್ತಿರಲಿಲ್ಲ.

ಈಗ ಗೊತ್ತು. ಆದರೂ
ನಕಾಶೆಯಲ್ಲಿ ಆ ನೀಲಿ ಗೆರೆ ಕಂಡರೆ
ಕಿವಿಗೊಡುತ್ತೇನೆ.