ಎರಡು ಮುಳ್ಳು

ರಬ್ಬರ್ ತೋಟದ ಜೇನು ಮುಗಿಯಿತು.
ಚೇರಂಬಾಣೆಯಲ್ಲಿ ಹೂಮಳೆ ಬಿದ್ದು ಏಳು ದಿನ,
ಎಂಟಕ್ಕೆ ಕಾಫಿ ಅರಳುತ್ತದೆ, ಕಾಯುವುದಿಲ್ಲ.
ಅರಂತೋಡಿನಿಂದ ಘಟ್ಟ ಹತ್ತಬೇಕು, ಅದೂ ಕತ್ತಲಲ್ಲೇ;
ಹಗಲಾದರೆ ಹುಳವೆಲ್ಲ ಹೊರಗೆ, ಪೆಟ್ಟಿಗೆ ಬರಿದು.
ಹಿಂದಿನ ಸೀಟು ಬಿಚ್ಚಿಟ್ಟ ನನ್ನ ಹಳೇ ಕಾರಿನಲ್ಲಿ
ಹನ್ನೊಂದು ಪೆಟ್ಟಿಗೆ, ಬಾಯಿಗೆ ಜಾಲರಿ.
ಪಕ್ಕದಲ್ಲಿ ಬೆಳ್ಯಪ್ಪಣ್ಣ, ಮಡಿಲಲ್ಲಿ ಹನ್ನೆರಡನೆಯದು.

ಕಲ್ಲುಗುಂಡಿ ದಾಟಿದರೂ ನಾನು ಕಾಲು ಒತ್ತಲಿಲ್ಲ.
‘ಏನು ಇಷ್ಟು ಮೆಲ್ಲ? ಮದುವೆ ದಿಬ್ಬಣವಾ?
ಮುಳ್ಳು ನಡುವಿಗೆ ಬಂದಾಯಿತಲ್ಲ, ತೊಂಬತ್ತು.’
ಅದು ನೀರಿನದು, ಅಣ್ಣ. ನೀರಿಗೆ ಅವಸರ,
ಮೂರು ಮೈಲಿಗೆ ಕಾದು, ಕಾದೆ ಎಂದು ಊರಿಗೇ ಸಾರುತ್ತದೆ.
ಪಕ್ಕದ ಮುಳ್ಳು ನೋಡಿ, ಎಣ್ಣೆ, ಇನ್ನೂ ಅರವತ್ತೈದು.
ಅದು ತಳದಲ್ಲಿ ಕೂತ ದಪ್ಪ ಜೀವ,
ಎದ್ದು ಮೈಮುರಿದು ಹೊರಡಲು
ಇನ್ನೂ ಅಷ್ಟೇ ದಾರಿ ಬೇಕು.
ಎಂಬತ್ತಾಗುವ ಮೊದಲು ಒತ್ತಿದರೆ
ಒಳಗೆ ಲೋಹ ಲೋಹವನ್ನು ತಿನ್ನುತ್ತದೆ,
ಸದ್ದಿಲ್ಲದೆ.

ಇದನ್ನು ಹೇಳಿಕೊಟ್ಟದ್ದು ಮಡಿಕೇರಿಯ ಗ್ಯಾರೇಜಿನ ಹಂಸಾಕ:
‘ನೀರಿನ ಮುಳ್ಳು ನೆಂಟರ ಮುಂದೆ ಕೂತ ಹುಡುಗಿ, ಮೋಳೇ,
ಎಂಬತ್ತಿರಲಿ ನೂರಿರಲಿ, ನಡುವಲ್ಲೇ ತಲೆ ತಗ್ಗಿಸಿರುತ್ತದೆ.
ನಿಜ ಬೇಕಾದರೆ ಎಣ್ಣೆಯನ್ನು ಕೇಳು.’

ಕೊಯನಾಡು. ಮೂರನೇ ಗೇರು, ಎರಡನೇ ಗೇರು.
ದೇವರಕೊಲ್ಲಿಯಲ್ಲಿ ಎಣ್ಣೆ ನೂರ ಹನ್ನೆರಡು.
ಬೆಳ್ಯಪ್ಪಣ್ಣ ಕತ್ತು ಚಾಚಿದರು.
‘ನೂರು ದಾಟಿತು, ಕುದಿಯಬೇಡವಾ?’
ನೂರು ನೀರಿನ ಲೆಕ್ಕ. ಎಣ್ಣೆಗೆ ಘಟ್ಟದಲ್ಲಿ ಇದು ಮಾಮೂಲು,
ಒಳಗೆ ಕುಳಿತ ತೇವ ಆರುವುದೇ ಈಗ.
ನೂರ ಮೂವತ್ತಾದರೆ ಹೇಳಿ, ನಿಲ್ಲಿಸುತ್ತೇನೆ.
ಅವರು ಒಂದು ತಿರುವು ಸುಮ್ಮನಿದ್ದು ಹೇಳಿದರು:
‘ನಮ್ಮವಕ್ಕೆ ಮೂವತ್ತೈದು.
ಮರಿ ಇರುವ ಎರಿಗೆ, ಚಳಿಯೋ ಸೆಕೆಯೋ, ಮೂವತ್ತೈದು.
ನೋಡಲು ಮುಳ್ಳಿಲ್ಲ.
ಇರುವ ಮುಳ್ಳು ಬೇರೆ ಕೆಲಸಕ್ಕೆ.’

ಜೋಡುಪಾಲದ ಹತ್ತಿರ ನೀರಿನ ಮುಳ್ಳು ನಡುವನ್ನು ಬಿಟ್ಟಿತು.
ಇಷ್ಟು ವರ್ಷ ಗೂಟಕ್ಕೆ ಕಟ್ಟಿದಂತಿದ್ದದ್ದು
ಒಂದು ಅಕ್ಕಿಕಾಳಿನಷ್ಟು ಮೇಲೆ.
ಮುಂದಿನ ತಿರುವಿಗೆ ಇನ್ನೊಂದು ಅಕ್ಕಿಕಾಳು.
ಇದಕ್ಕೆ ಮದ್ದು ಗೊತ್ತು: ಹೀಟರ್ ಪೂರ್ತಿ ತಿರುಗಿಸಿ
ಇಂಜಿನ್ನಿನ ಬೇಗೆಯನ್ನು ನಮ್ಮ ಮೈಮೇಲೆ ಎಳೆದುಕೊಂಡು
ಹೇಗೋ ಊರು ಸೇರುವುದು.
ಗುಂಡಿಗೆ ಕೈ ಹೋಯಿತು.
ಹಿಂದೆ ಹನ್ನೊಂದು. ಪಕ್ಕದಲ್ಲಿ ಒಂದು.
ಬೆಳ್ಯಪ್ಪಣ್ಣ ಏನೂ ಅನ್ನಲಿಲ್ಲ, ಪೆಟ್ಟಿಗೆಯ ಮೇಲೆ ಅಂಗೈ ಇಟ್ಟರು.
ಕೈ ವಾಪಸು ತಂದೆ.
ಬದಿಗೆ ಹಾಕಿ, ಗಾಲಿಗೆ ಕಲ್ಲು ಕೊಟ್ಟು, ಬಾನೆಟ್ ಎತ್ತಿದೆ.

ಹೋಸಿನ ಕ್ಲಿಪ್ಪಿನ ಬುಡದಲ್ಲಿ ಹಸಿರು ಹನಿ;
ನೀರು ಎಂದರೂ ಅದು ಕೂಲೆಂಟು, ಬಣ್ಣ ಸುಳ್ಳು ಹೇಳುವುದಿಲ್ಲ.
ಮುಚ್ಚಳ ಮುಟ್ಟಬಾರದು. ಬಿಸಿಯಲ್ಲಿ ತೆರೆದವನ ಮುಖ ನೋಡಿದ್ದೇನೆ.
ಕೀ ತೆಗೆದರೂ ಫ್ಯಾನು ತಿರುಗುತ್ತಿತ್ತು,
ಆಮೇಲೆ ನಿಂತಿತು.
ಫ್ಯಾನಿನ ಸದ್ದು ಮಾತ್ರ ನಿಲ್ಲಲಿಲ್ಲ.

ಹಿಂದಿನ ಬಾಗಿಲು ತೆರೆದೆವು.
ಜಾಲರಿಗೆ ಕಾಲು ಕಚ್ಚಿ ನಿಂತು
ಸಾವಿರ ಸಾವಿರ ರೆಕ್ಕೆ, ಒಂದೇ ಸಮ.
ಅವರು ಬಾಟಲಿಯಿಂದ ನೀರು ಚಿಮುಕಿಸಿದರು ಒಂದೊಂದಕ್ಕೂ;
ಹುಳ ಅದನ್ನು ಎರಿಗೆ ಹಚ್ಚಿ ಗಾಳಿ ಹಾಕುತ್ತದಂತೆ.
ಅರ್ಧ ನನಗೆ ಉಳಿಸಿ, ಅಂದೆ.

ಮುಕ್ಕಾಲು ಗಂಟೆ. ಒಂದು ಮೀನಿನ ಲಾರಿ ಹೋಯಿತು.
ಹಸುವಿನ ಮೊಲೆ ಹಿಡಿದಂತೆ ಮೇಲಿನ ಹೋಸು ಹಿಂಡಿ ನೋಡಿದೆ:
ಮೆತ್ತಗಾಗಿದೆ.
ಎರಿ ಕೊಯ್ಯುವ ಚೂರಿಯ ತುದಿಯಿಂದಲೇ ಕ್ಲಿಪ್ಪು ಬಿಗಿದು
ಉಳಿದ ಅರ್ಧ ಬಾಟಲಿ ಒಳಗೆ ಸುರಿದೆ.
ಕೀ ತಿರುಗಿಸಿದರೆ ನೀರು ಅರವತ್ತು,
ಎಣ್ಣೆ ಎಂಬತ್ತರ ಹತ್ತಿರ.
ಬೇಗ ಕಾದದ್ದು ಬೇಗ ಆರಿದೆ.
ತಡವಾಗಿ ಕಾದದ್ದು ಇನ್ನೂ ಘಟ್ಟ ಹತ್ತುತ್ತಲೇ ಇದೆ.

ಮದೆನಾಡಿನಲ್ಲಿ ಅವರಿಗೆ ನಿದ್ದೆಗಣ್ಣು. ‘ಎಷ್ಟು?’
ತೊಂಬತ್ತು.
‘ಇನ್ನೊಂದು?’
ನೋಡಿದೆ. ಜಾಲರಿ ತಪ್ಪಿಸಿ ಬಂದ ಒಂದು ಹುಳ
ಗಾಜಿನ ಮೇಲೆ ಕೂತು ಎಣ್ಣೆಯ ಮುಳ್ಳನ್ನು ಮುಚ್ಚಿತ್ತು.
ಓಡಿಸಲಿಲ್ಲ.
ಮಡಿಕೇರಿಯ ತನಕ ಸದ್ದು ಕೇಳಿಕೊಂಡೇ ಹೋದೆ.