ರಾಯಬಂದರದಲ್ಲಿ ಎಲೆ ಕಲಸಿದ್ದು

ಹದಿನೆಂಟು ವರ್ಷ ಬ್ಯಾಂಕುಗಳಲ್ಲಿ
ನೋಟು ಎಣಿಸುವ ಯಂತ್ರ ರಿಪೇರಿ ಮಾಡಿದವ ನಾನು.
ಎಣಿಸುವುದು ಸುಲಭ:
ಒಂದರ ಬೆನ್ನಿಗೆ ಒಂದು, ಜೋಡಿ ಬಂದರೆ ನಿಲ್ಲು, ಕೂಗು.
ಈಗ ಮಾಂಡವಿಯ ಮೇಲಿನ ಕ್ಯಾಸಿನೋ ಹಡಗಿಗೆ
ಇಸ್ಪೀಟೆಲೆ ಕಲಸುವ ಪೆಟ್ಟಿಗೆ ಮಾಡಿಕೊಡು ಅಂದರು.
ವಿದೇಶದ್ದಕ್ಕೆ ಬೆಲೆ ಜಾಸ್ತಿ,
ಉಪ್ಪುಗಾಳಿಗೆ ಅದರ ರಬ್ಬರು ಮೂರು ತಿಂಗಳೂ ತಾಳುವುದಿಲ್ಲ.

ಪಾವಿನ ಬೇಕರಿಯ ಹಿಂದೆ ನನ್ನ ಶೆಡ್ಡು.
ಗೋಡೆಯ ಆ ಬದಿ ರಾತ್ರಿಯೆಲ್ಲ ಹಿಟ್ಟು ಕಲಸುತ್ತಾರೆ,
ಈ ಬದಿ ನಾನು ಎಲೆ.
ನಮ್ಮ ಭಾಷೆಯಲ್ಲಿ ಎರಡಕ್ಕೂ ಒಂದೇ ಮಾತು.
ಹಿಟ್ಟು ಹದಕ್ಕೆ ಬಂದದ್ದು ಬೆರಳಿಗೆ ಗೊತ್ತಾಗುತ್ತದೆ,
ಸಾರನ್ನದ್ದೂ ಅಷ್ಟೆ.
ಎಲೆ ಕಲಸಿತೋ ಇಲ್ಲವೋ
ಯಾವ ಬೆರಳಿಗೆ ಕೇಳಲಿ?

ಅಡಿಯಿಂದ ಎಲೆ ಎಳೆಯಲು ಒಂದು ರೋಲರು,
ಜೋಡಿ ತಡೆಯಲು ಎದುರಿಗೆ ಉಲ್ಟಾ ತಿರುಗುವ ಇನ್ನೊಂದು
(ಇದು ಬ್ಯಾಂಕಿನ ವಿದ್ಯೆ, ಪುಕ್ಕಟೆ ಬಂತು).
ಆಮೇಲೆ ಲಿಫ್ಟಿನಂತೆ ಏರಿಳಿಯುವ ಹತ್ತು ಅರೆಗಳ ಗೂಡು.
ಯಾವ ಅರೆಗೆ ಹೋಗಬೇಕು,
ಅಲ್ಲಿದ್ದುದರ ಮೇಲೆ ಕೂರಬೇಕೋ, ಕೆಳಗೆ ನುಸುಳಬೇಕೋ,
ಉಗುರಗಲದ ಚಿಪ್ ಹೇಳುತ್ತದೆ.
ಅದಕ್ಕೆ ಯಾರು ಹೇಳುತ್ತಾರೆ ಅಂತ ಕೇಳಬೇಡಿ.
ನಲವತ್ತು ಸೆಕೆಂಡು. ಟಕಟಕಟಕ.

ಪರೀಕ್ಷೆಗೆ ಎರ್ಮೆಲಿಂದಾ ಬಂದಳು,
ಅದೇ ಹಡಗಿನ ಅಂದರ್-ಬಾಹರ್ ಮೇಜಿನಲ್ಲಿ
ಹದಿನಾರು ವರ್ಷ ಕೈಯಾರೆ ಕಲಸಿ ಹಂಚಿದವಳು.
ಹೊಸ ಕಟ್ಟು ಒಡೆದು ಕ್ರಮದಲ್ಲೇ ಹಾಕು ಅಂದಳು.
ಹೊರಬಂದದ್ದನ್ನು ಒಂದೊಂದೇ ಮಗುಚುತ್ತ
ಮುಂದಿನದನ್ನು ಮೊದಲೇ ಹೇಳತೊಡಗಿದಳು.
ಕಳಾವರ್ ಏಳು: ಹೌದು.
ಆಟೀನ್ ರಾಣಿ: ಅಲ್ಲ, ಅವಳ ಗುಲಾಮ.
ಡೈಮನ್ ಹತ್ತು: ಹೌದು.
ಐವತ್ತೆರಡರಲ್ಲಿ ಒಂಬತ್ತು ಸರಿ.
ಬರೀ ಅದೃಷ್ಟವಾದರೆ ನಾಲ್ಕು, ಹೋಗಲಿ, ಐದು.
'ನಿನ್ನ ಯಂತ್ರಕ್ಕೆ ಎಲ್ಲ ನೆನಪಿದೆ' ಅಂದು
ಬೇಕರಿಯಲ್ಲಿ ಬಿಸಿ ಪಾವು ಕಟ್ಟಿಸಿಕೊಂಡು ಹೋದಳು.

ಚಿಪ್ ಬದಲಿಸಿದೆ. ಮೋಟರು ಬದಲಿಸಿದೆ.
ಮತ್ತೆ ಒಂಬತ್ತು.

ತಲೆಕೆಟ್ಟು ಒಂದು ಬೆಳಿಗ್ಗೆ ಚೋಡಣದ ಫೆರ್ರಿ ಹತ್ತಿದೆ.
ಸ್ಕೂಟರುಗಳು ಕಂಡಲ್ಲಿ ನುಗ್ಗಿ ನಾಲ್ಕು ಸಾಲಾದವು:
ಬಂಗಡೆ ಬುಟ್ಟಿಯ ಹೆಂಗಸು ಎಡಕ್ಕೆ,
ಗ್ಯಾಸ್ ಸಿಲಿಂಡರಿನವ ಬಲಕ್ಕೆ, ಅವನ ಬೆನ್ನಿಗೆ ಒಬ್ಬ ಪಾದ್ರಿ.
ಆಚೆ ದಡದಲ್ಲಿ ಹಲಗೆ ಬಿತ್ತು.
ಯಾವ ಸಾಲು ಮೊದಲು ಹೊರಟಿತೋ ನೋಡಲಿಲ್ಲ,
ಆದರೆ ಸಿಲಿಂಡರಿನವನ ಹಿಂದೆ ಹತ್ತಿದ ಪಾದ್ರಿ
ಸಿಲಿಂಡರಿನವನ ಹಿಂದೆಯೇ ಇಳಿದ.

ನಾನು ಇಳಿಯಲಿಲ್ಲ. ಅದೇ ಫೆರ್ರಿಯಲ್ಲಿ ಮರಳಿದೆ.
ಸಾಲು ಮುರಿದರೆ ಸಾಲದು,
ಸಾಲಿನೊಳಗಿನ ಹಿಂದುಮುಂದು ಮುರಿಯಬೇಕು.
ಹೊರಬಂದದ್ದನ್ನು ಮತ್ತೊಮ್ಮೆ ಒಳಗೆ ಹಾಯಿಸಬೇಕು.

ಮ್ಯಾನೇಜರ್ ನಾಗ್ವೇಕರ್ ಗಡಿಯಾರ ತೋರಿಸಿದ:
'ಎಂಬತ್ತು ಸೆಕೆಂಡು ಕೈಕಟ್ಟಿ ಕೂತವನಿಗೆ
ಮನೆ ನೆನಪಾಗುತ್ತದೆ. ಎದ್ದು ಹೋಗುತ್ತಾನೆ.'
ಹಾಗಾಗಿ ಎರಡು ಕಟ್ಟು.
ಕೆಂಪು ಬೆನ್ನಿನದು ಮೇಜಿನ ಮೇಲೆ ಓಡುವಾಗ
ನೀಲಿಯದು ಪೆಟ್ಟಿಗೆಯೊಳಗೆ ಮರೆಯುತ್ತಿರುತ್ತದೆ.
ಯಾರಿಗೂ ಮನೆ ನೆನಪಾಗುವುದಿಲ್ಲ.
ನಕ್ಷೆಯಲ್ಲಿ ಇದನ್ನು ಗೀಚುವಾಗ ಕೈ ಒಂದು ಕ್ಷಣ ತಡೆಯಿತು;
ಬಿಲ್ಲು ಬರೆಯುವಾಗ ತಡೆಯಲಿಲ್ಲ.

ಎರ್ಮೆಲಿಂದಾ ಮತ್ತೆ ಬಂದು ಐವತ್ತೆರಡೂ ಮಗುಚಿದಳು.
ನಾಲ್ಕು.
ಇನ್ನೊಮ್ಮೆ. ಐದು. ಇನ್ನೊಮ್ಮೆ. ಮೂರು.
ಅಭ್ಯಾಸಬಲಕ್ಕೆ ಕಟ್ಟನ್ನು ಎರಡು ಪಾಲು ಮಾಡಿ
ಹೆಬ್ಬೆರಳಲ್ಲಿ ಒಮ್ಮೆ ಸರ್ರೆಂದು ಬಿಟ್ಟು, ಕೆಳಗಿಟ್ಟಳು.
'ಸೋಮವಾರದಿಂದ ನಾನು ಬಟನ್ ಒತ್ತಿದರೆ ಸಾಕಂತೆ.'

ಆಮೇಲೆ ಮೂಲೆಯಲ್ಲಿ ಧೂಳು ಹಿಡಿದಿದ್ದ
ಮೊದಲ ಪೆಟ್ಟಿಗೆಯತ್ತ ಗಲ್ಲ ಎತ್ತಿ:
'ಅದನ್ನು ಬಿಚ್ಚಬೇಡ. ನನಗೆ ಕೊಡು.
ಭಾನುವಾರ ಇಗರ್ಜಿ ಮುಗಿಸಿ ಬರುವ ನನ್ನ ಮೈದುನ
ಇಪ್ಪತ್ತು ವರ್ಷದಿಂದ ರಮ್ಮಿಯಲ್ಲಿ ನನ್ನನ್ನು ಸುಲಿದಿದ್ದಾನೆ.
ಯಂತ್ರ ಅಂದರೆ ಅವನಿಗೆ
ಭಾರೀ ನಂಬಿಕೆ.'