ಮೂವತ್ತರವರೆಗೆ

ಇಳಿ, ನಾಜ್ನೀನ್. ಖರ್ಜೂರದ ಬೊಡ್ಡೆ ಜಾರುತ್ತದೆ,
ಬಿದಿರು ಹಿಡಿದುಕೋ.
ಈ ಅಟ್ಟಣೆ ನಾನೇ ನಿಂತು ಕಟ್ಟಿಸಿದ್ದು,
ನಿನ್ನ ಎದೆಮಟ್ಟಕ್ಕೆ ನೆಲ ಸಿಗುತ್ತದೆ. ಸಿಕ್ಕಿತೇ? ಹ್ಞಾಂ.
ಕಾಲು ಕಚ್ಚುತ್ತಿರುವುದು ತಿಲಾಪಿಯಾ ಮರಿ,
ನಿಮ್ಮಜ್ಜಿ ಹೇಳುವ ನೀರಿನ ಹೆಣ್ಣಲ್ಲ.

ಬೆಳಿಗ್ಗೆಯೇ ಬಂದು ನನ್ನ ಅಂಗಳದಲ್ಲಿ ಕೂತಿದ್ದಳು ನಿಮ್ಮಜ್ಜಿ.
"ಕೊಳ ಕರೆಯುತ್ತದೆ ಮೊರ್ಜಿನಾ,
ಅದು ಕರೆದವರನ್ನು ಹಿಡಿದಿಡುವವರು ಯಾರು?"
ಚಹಾ ಕೊಟ್ಟೆ. ವಾದಿಸಲಿಲ್ಲ.
ಮೂವತ್ತೆಂಟು ವರ್ಷದಿಂದ ಈ ಕಾಲಾಪಾಡಾದಲ್ಲಿದ್ದೇನೆ,
ಕೊಳ ಕರೆದದ್ದು ಕೇಳಿಲ್ಲ.
ಮಗು ಕರೆದದ್ದೂ ಕೇಳಿಲ್ಲ,
ತೊಂದರೆ ಅಲ್ಲೇ ಇರುವುದು.
ಮುಳುಗುವ ಮಗು ಕೂಗುವುದಿಲ್ಲ.
ಬಾಯಿ ನೀರಿಗೆ ಬಾಗಿಲಾದ ಮೇಲೆ
'ಮಾ' ಎಂಬ ಒಂದಕ್ಷರಕ್ಕೂ ಅಲ್ಲಿ ಜಾಗವಿಲ್ಲ.

ಈಗ ತಲೆ ಹಿಂದಕ್ಕೆ. ಇನ್ನೂ. ನನ್ನ ಅಂಗೈ ಮೇಲೆ ಇಡು.
ಹೊಟ್ಟೆ ಮೇಲಕ್ಕೆ. ಗಡಿಗೆಯಾಗಬೇಡ, ತಟ್ಟೆಯಾಗು.
ಕೈ ಬಡಿಯಬೇಡವೇ ಹುಡುಗಿ,
ಬಡಿದಷ್ಟೂ ನೀರು ಬಾಯಿ ಬಿಡುತ್ತದೆ,
ಸುಮ್ಮನೆ ಒರಗಿದರೆ ಹೊರುತ್ತದೆ.

ನಮ್ಮ ಮಿಂಟುವಿನ ಕಾಲಿಗೆ ಅಮ್ಮ ಗೆಜ್ಜೆ ಕಟ್ಟಿದ್ದಳು.
ಇಲ್ಲಿ ಬಹಳ ಮಂದಿ ಕಟ್ಟುತ್ತಾರೆ,
ತಾಯಿ ಒಲೆಯ ಮುಂದೆ ಕೂತರೂ ಅವಳ ಕಿವಿ
ಮಗುವಿನ ಹಿಂದೆ ಓಡಾಡಲಿ ಎಂದು.
ಹತ್ತು ಗಂಟೆ. ಅನ್ನ ಕುದಿಯುವ ಹೊತ್ತು.
ಅಪ್ಪ ಇಲಿಶ್ ಬಲೆಯ ಹತ್ತಿರ,
ನಾನು ಶಾಲೆಯಲ್ಲಿ, ಏಳರ ಮಗ್ಗಿಯ ನಡುವೆ.
ಅಮ್ಮ ಗಂಜಿ ಬಸಿದಳು, ಅಷ್ಟೇ.
ಗೆಜ್ಜೆ ನೀರೊಳಗೆ ಸದ್ದು ಮಾಡುವುದಿಲ್ಲ
ಎಂದು ಯಾರೂ ಯೋಚಿಸಿರಲಿಲ್ಲ.

ಆಮೇಲೆ ಗಂಡಸರು ಅವನನ್ನು ತಲೆಯ ಮೇಲೆ ಹೊತ್ತು
ಗಿರಗಿರನೆ ತಿರುಗಿಸಿದರು, ನೀರು ಕಕ್ಕಲಿ ಎಂದು.
ಆಗ ಸದ್ದು ಮಾಡಿತು ಗೆಜ್ಜೆ.

ಇದನ್ನೆಲ್ಲ ನಿನಗೆ ಹೇಳುವುದಿಲ್ಲ.
ನಿನಗೆ ಹೇಳುವುದು ಇಷ್ಟು:
ಗೆಳತಿ ಬಿದ್ದರೆ ನೀನು ಹಾರಬೇಡ.
ಬಿದಿರು ಚಾಚು, ಸೀರೆ ಎಸೆ, ಖಾಲಿ ಎಣ್ಣೆ ಡಬ್ಬಿ ಎಸೆ,
ಮಸೀದಿಯವರೆಗೆ ಕೇಳುವ ಹಾಗೆ ಅರಚು.
ಅರಚುವುದು ದಡದಲ್ಲಿರುವವರ ಕೆಲಸ.
ಈಜು ಬಂತೆಂದು ಆಂಧಾರ್‌ಮಾನಿಕ್ ನದಿಯ ಜೊತೆ ಪಂತ ಕಟ್ಟಬೇಡ,
ಅದು ನನ್ನನ್ನೂ ಲೆಕ್ಕಕ್ಕಿಟ್ಟಿಲ್ಲ.
ನಿನ್ನ ತಮ್ಮನಿಗೆ ಇನ್ನೂ ಎರಡು ವರ್ಷ.
ಅವನಿಗೆ ಪಾಠವಲ್ಲ, ಬೇಲಿ ಬೇಕು,
ಮೈಮೇಲೆ ಯಾರದಾದರೂ ಒಂದು ಕಣ್ಣು ಬೇಕು.
ಅಜ್ಜಿಗೆ ಹೇಳು,
ಹಿಡಿದಿಡುವವರು ಯಾರು ಎಂದು ಕೇಳಿದಳಲ್ಲ.

ಈಗ ಕೈ ತೆಗೆಯುತ್ತೇನೆ.
ತೆಗೆದೆ.

ನಿನ್ನ ಕಿವಿ ನೀರೊಳಗೆ, ನನ್ನ ಮಾತು ನಿನಗೆ ಮುಟ್ಟದು.
ಆಕಾಶ ನೋಡುತ್ತಿರು. ಒಂದು. ಎರಡು.
ಫ್ರಾಕು ಅಂತರಗಂಗೆಯ ಹಾಗೆ ಹರಡಿಕೊಂಡಿದೆ.
ಬಾತುಕೋಳಿಯೊಂದು ಒಂದು ಸುತ್ತು ಹಾಕಿ
ಒಪ್ಪಿಕೊಂಡಂತೆ ಹೋಯಿತು.
ಹದಿನೇಳು. ಹದಿನೆಂಟು.
ದಡದಲ್ಲಿ ಅಜ್ಜಿ ಎದ್ದು ನಿಂತಿದ್ದಾಳೆ, ತುಟಿ ಅಲುಗುತ್ತಿದೆ,
ಪ್ರಾರ್ಥನೆಯೋ ಎಣಿಕೆಯೋ.
ಇಪ್ಪತ್ತಾರು.

"ಆಪಾ," ಅಂದೆ ನೀನು, ಒಂದಿಷ್ಟೂ ಅಲ್ಲಾಡದೆ,
"ಮೂವತ್ತು ಆಗಲಿಲ್ಲವೇ ಇನ್ನೂ?"

ಆಗಿ ಎಷ್ಟೋ ಹೊತ್ತಾಗಿತ್ತು.
ನಾನು ನಲವತ್ತೊಂದರಲ್ಲಿದ್ದೆ.